ಹೊಳೆ ಎದುರಿಗಿದೆ, ನೀರು ಹಿಂದಿನಿಂದ ಬರುತ್ತದೆ

ತೀರ್ಥಹಳ್ಳಿ
ಮೇ 4

ಚಿ|| ಸೌ|| ಸುಮಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಳಿಯಂದಿರಿಗೂ ಮಕ್ಕಳಿಗೂ ನಮ್ಮ ನೆನಪು ತಿಳಿಸು.

ಈ ಮಳೆಗಾಲದಿಂದ ತೋಟದ ಮನೆಯಲ್ಲೇ ಇರುತ್ತೇವೆ ಅಂತ ನೀನು ಬರೆದದ್ದು ಓದಿ ಸಂತೋಷವಾಯಿತು. ಕಾಗದದ ತುಂಬ ನಿನ್ನ ಬಾಲ್ಯದ ಮಳೆಗಾಲವೇ ಇದೆ. ನೆರೆ ಬಂದು ಶಾಲೆಗೆ ರಜೆ, ತೋಟದಲ್ಲಿ ನಿಂತ ನೀರಲ್ಲಿ ಬಾಳೆದಿಂಡಿನ ತೆಪ್ಪ, ಬಚ್ಚಲೊಲೆ ಮುಂದೆ ಸುಟ್ಟ ಹಲಸಿನ ಹಪ್ಪಳ, ಕೆಂಡದ ಮೇಲೆ ಒಣಗಿದ ಬಟ್ಟೆಯ ಹೊಗೆ ವಾಸನೆ. ಎಲ್ಲ ನಿಜವೇ. ಆದರೆ ಮಕ್ಕಳ ಮಳೆಗಾಲ ಜೂನ್‌ನಲ್ಲಿ ಶುರುವಾಗುತ್ತದೆ, ಮನೆ ನಡೆಸುವವರದ್ದು ಮೇ ತಿಂಗಳಲ್ಲೇ. ರೋಹಿಣಿ ಮಳೆ ಹಿಡಿಯುವುದು ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ರ ಹೊತ್ತಿಗೆ. ಜೂನ್ 22ಕ್ಕೆ ಆರಿದ್ರೆ ಬಂತೆಂದರೆ ಆರದೆ ಹುಯ್ಯುತ್ತೆ, ಹಂಚಿನ ಮಾಡು ಹತ್ತುವುದಕ್ಕೂ ಆಗುವುದಿಲ್ಲ, ಆಳೂ ಸಿಗುವುದಿಲ್ಲ. ಹಾಗಾಗಿ ನಿನಗೆ ಈಗ ಉಳಿದಿರುವುದು ಮೂರು ವಾರ ಅಂತ ಲೆಕ್ಕ ಹಾಕಿಕೋ.

ಎಲ್ಲಕ್ಕಿಂತ ಮೊದಲು ಹೊಳೆಯ ವಿಷಯ. ಆ ಮನೆಗೆ ಬಂದವರೆಲ್ಲ ಜಗಲಿಯಲ್ಲಿ ಹೊಳೆಯ ಕಡೆ ಮುಖ ಮಾಡಿ ಕೂರುತ್ತಾರೆ, ನೆರೆ ಅಲ್ಲಿಂದ ಬರುತ್ತದೆ ಅಂದುಕೊಳ್ಳುತ್ತಾರೆ. ತುಂಗೆ ದಂಡೆ ಮೀರಿ ತೋಟ ದಾಟಿ ಜಗಲಿ ಹತ್ತಬೇಕಾದರೆ ಬಹಳ ನೀರು ಬೇಕು, ಬಂದರೂ ಅದು ಕಾಣುವಂತೆ ಬರುತ್ತದೆ. ಮನೆಯೊಳಗೆ ನೀರು ನುಗ್ಗುವುದು ಹಿಂದಿನ ಹಳ್ಳದಿಂದ. ಹೊಳೆ ತುಂಬಿದಾಗ ಹಳ್ಳದ ನೀರಿಗೆ ಹೋಗಲು ಜಾಗವಿಲ್ಲ. ಅದು ನಿಲ್ಲುತ್ತದೆ, ಆಮೇಲೆ ಹಿಂದಕ್ಕೆ ಒತ್ತುತ್ತದೆ. ಅದೇ ಹೊತ್ತಿಗೆ ಗುಡ್ಡದ ನೀರು ಮೇಲಿನಿಂದ ಬರುತ್ತಲೇ ಇರುತ್ತದೆ. ಎರಡೂ ಸೇರುವುದು ನಿನ್ನ ಕೊಟ್ಟಿಗೆಯ ಹಿಂದೆ, ದಾರಿಯ ಮೋರಿಯ ಹತ್ತಿರ. ಆದ್ದರಿಂದ ಕಾವಲು ಬೇಕಾದದ್ದು ಮೋರಿಗೆ.

ಇನ್ನೊಂದು ತಪ್ಪು ತಿಳಿವಳಿಕೆ ಟಿವಿಯಿಂದ ಬರುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟೆಯಿಂದ ಇಷ್ಟು ಸಾವಿರ ಕ್ಯೂಸೆಕ್ ಬಿಟ್ಟರು ಅಂತ ಓಡುವ ಸುದ್ದಿ ಶಿವಮೊಗ್ಗದವರಿಗೆ, ಅಲ್ಲಿಂದ ಕೆಳಗಿನವರಿಗೆ. ಗಾಜನೂರು ಸೇರುವ ನೀರು ನಿನ್ನ ಮನೆ ಮುಂದೆ ಆಗಲೇ ಹಾದು ಹೋಗಿರುತ್ತದೆ. ಆ ಅಣೆಕಟ್ಟೆಯೂ ಚಿಕ್ಕದು, 3.24 ಟಿಎಂಸಿ, ಲಿಂಗನಮಕ್ಕಿಯ 151 ಟಿಎಂಸಿ ಮುಂದೆ ಅದು ಯಾವ ಲೆಕ್ಕಕ್ಕೂ ಇಲ್ಲ. ಮೊದಲ ಮಳೆಗೇ ತುಂಬುತ್ತದೆ, ಆಮೇಲೆ ಬಂದಷ್ಟನ್ನೂ ಬಿಡುವುದೇ. ಹೊಳೆ ಹುಟ್ಟುವ ಗಂಗಾಮೂಲದಿಂದ ತೀರ್ಥಹಳ್ಳಿವರೆಗೆ ತುಂಗೆಯನ್ನು ಹಿಡಿದು ನಿಲ್ಲಿಸುವ ದೊಡ್ಡ ಅಣೆಕಟ್ಟೆ ಇಲ್ಲ. ಹಾಗಾಗಿ ಯಾರೂ ಸೈರನ್ ಊದಿ ನಿನ್ನನ್ನು ಎಬ್ಬಿಸುವುದಿಲ್ಲ. ನೀನು ಕೇಳಬೇಕಾದದ್ದು ಹೊಳೆಯ ಮೇಲ್ಭಾಗದ ಶೃಂಗೇರಿಯ ಸುದ್ದಿ ಮತ್ತು ಆಗುಂಬೆಯ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಹುಯ್ಯುತ್ತದೆ, ಆ ಕಡೆಯ ನೀರು ಮಾಲತಿ ಹೊಳೆಯಾಗಿ ತುಂಗೆಗೆ ಸೇರುತ್ತದೆ. ಶೃಂಗೇರಿಯ ಗಾಂಧಿ ಮೈದಾನಕ್ಕೆ ನೀರು ಬಂತು ಅಂದರೆ ನಿನ್ನ ಅಂಗಳದಲ್ಲಿ ಬಿಸಿಲಿದ್ದರೂ ಸಾಮಾನು ಎತ್ತಲು ಶುರು ಮಾಡು. ತೀರ್ಥಹಳ್ಳಿಯ ಹೊಳೆಯೊಳಗಿನ ರಾಮಮಂಟಪ ಮುಳುಗಿತು ಅನ್ನುವ ಸುದ್ದಿ ಬರುವಷ್ಟರಲ್ಲಿ ದನ ಮೇಲಿನ ಮನೆಯ ಕೊಟ್ಟಿಗೆಯಲ್ಲಿರಬೇಕು.

ಹವಾಮಾನ ಇಲಾಖೆಯ ಮಾತು ಅರ್ಥ ಮಾಡಿಕೋ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಿನ್ನ ಮನೆಯ ಮಾಡು 15 ಚದರ (1,500 ಚದರ ಅಡಿ), ಅಂದರೆ ಸುಮಾರು 140 ಚದರ ಮೀಟರ್. 200 ಮಿ.ಮೀ. ಹುಯ್ದ ದಿನ ಆ ಮಾಡೊಂದರಿಂದಲೇ 28,000 ಲೀಟರ್ ಇಳಿಯುತ್ತದೆ. ಗುಡ್ಡದಿಂದ ಬರುವುದು ಬೇರೆ. ಅಂಗಳದ ಸುತ್ತಿನ ಚರಂಡಿ ಒಂದೂವರೆ ಅಡಿ ಅಗಲ, ಒಂದು ಅಡಿ ಆಳ ಇರಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ನೂರು ಅಡಿ ಉದ್ದಕ್ಕೆ ಒಂದು ಅಡಿ ಇಳಿಜಾರು ಸಾಕು. ಹೆಚ್ಚಾದರೆ ಚರಂಡಿಯ ತಳವೇ ಕೊಚ್ಚುತ್ತದೆ, ಕಡಿಮೆಯಾದರೆ ರೇವೆ (ಹೂಳು) ಕೂರುತ್ತದೆ.

ಮೋರಿಯನ್ನು ಕೆಳಗಿನ ಬಾಯಿಯಿಂದ ಬಿಡಿಸುತ್ತ ಮೇಲಕ್ಕೆ ಬರಲು ಹೇಳು. ಆಳುಗಳು ನೆರಳಿದ್ದ ಕಡೆಯಿಂದ, ಅಂದರೆ ಮೇಲಿನಿಂದ ಶುರು ಮಾಡುತ್ತಾರೆ, ಕೆದಕಿದ ಮಣ್ಣೆಲ್ಲ ಪೈಪಿನ ನಡುವೆ ಹೋಗಿ ಕೂರುತ್ತದೆ. ಕಸ ತಡೆಯಲು ಪೈಪಿನ ಬಾಯಿಗೇ ಜಾಲರಿ ಬಡಿಸುವ ಯೋಚನೆ ಅಳಿಯಂದಿರಿಗೆ ಬಂದೇ ಬರುತ್ತದೆ. ಬೇಡ. ಸೋಗೆ, ಬಿದಿರೆಲೆ, ಪ್ಲಾಸ್ಟಿಕ್ ಚೀಲ ಅರ್ಧ ಗಂಟೆಯಲ್ಲಿ ಜಾಲರಿಯನ್ನು ಗೋಡೆ ಮಾಡಿಬಿಡುತ್ತವೆ. ಮೋರಿಯಿಂದ 15 ಅಡಿ ಮೇಲೆ, ಹಳ್ಳಕ್ಕೆ ಅಡ್ಡಲಾಗಿ ಗೇಣಿಗೊಂದರಂತೆ ಬಿದಿರು ಗೂಟ ಹೊಡೆಸು, ನೀರಿನ ದಿಕ್ಕಿಗೆ ಸ್ವಲ್ಪ ಓರೆಯಾಗಿ. ಕಸ ಅಲ್ಲಿ ಒಂದು ಬದಿಗೆ ಸೇರುತ್ತದೆ, ದಡದಲ್ಲೇ ನಿಂತು ಕೊಕ್ಕೆಯಲ್ಲಿ ಎಳೆಯಬಹುದು. ನೀರು ಜೋರಾಗಿರುವಾಗ ಮೋರಿಯ ಬಾಯಿಗೆ ಯಾರೂ ಇಳಿಯಬಾರದು, ಕೈಯೂ ಹಾಕಬಾರದು. ಕಟ್ಟಿದ್ದು ಒಮ್ಮೆಲೇ ಬಿಟ್ಟರೆ ಒಳಗೆಳೆಯುವ ಸೆಳೆತಕ್ಕೆ ದೊಡ್ಡ ಆಳೂ ನಿಲ್ಲುವುದಿಲ್ಲ.

ಇನ್ನು ಅಡುಗೆಮನೆ ಹಿಂದಿನ ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ. ಮೊದಲು ಅದು ಮೆಟ್ಟಿಲು ಮೆಟ್ಟಿಲಾಗಿತ್ತು, ಈಗ ಜೆಸಿಬಿಯವನು ನೆಟ್ಟಗೆ ಕಡಿದಿದ್ದಾನೆ. ನೆಟ್ಟಗೆ ಕಡಿದ ಧರೆಯನ್ನು ನಂಬಬೇಡ. ಧರೆ ಎಷ್ಟು ಎತ್ತರವೋ ಅಷ್ಟು ದೂರದೊಳಗೆ ಮಳೆಗಾಲದಲ್ಲಿ ಯಾರೂ ಮಲಗಬಾರದು. ಆ ಲೆಕ್ಕದಲ್ಲಿ ಹಿಂದಿನ ಕೋಣೆ ನಾಲ್ಕು ತಿಂಗಳು ಬರೀ ಸಾಮಾನಿಗೆ. ಧರೆಯ ನೆತ್ತಿಯಿಂದ ಆರು ಅಡಿ ಹಿಂದೆ ಒಂದು ಕಾಲುವೆ ತೆಗೆಸಿ ಗುಡ್ಡದ ನೀರನ್ನು ಎರಡು ಬದಿಗೆ ತಿರುಗಿಸು, ತಳಕ್ಕೆ ಟಾರ್ಪಲ್ಲಾದರೂ ಹಾಸು. ಇಂಗುಗುಂಡಿ ತೋಡಿದರೆ ಬಾವಿಗೆ ನೀರಾಗುತ್ತದೆ ಅಂತ ಯಾರೋ ಉಪದೇಶ ಮಾಡುತ್ತಾರೆ. ಬಯಲಲ್ಲಿ ಅದು ಒಳ್ಳೆಯದೇ, ಮನೆಯ ಹಿಂದಿನ ಇಳಿಜಾರಿನಲ್ಲಿ ಬೇಡವೇ ಬೇಡ. ಕುಡಿದ ನೀರಿನ ಭಾರಕ್ಕೇ ಮಣ್ಣು ಜಾರುವುದು. ಧರೆಯ ಮೈಗೆ ಲಾವಂಚ ನೆಡಿಸು, ಅರ್ಧ ಅಡಿಗೊಂದು ಬುಡ, ಸಾಲು ಅಡ್ಡಡ್ಡ. ಬೇರು ಇಳಿಯಲು ಎರಡು ಮಳೆಗಾಲವಾದರೂ ಬೇಕು, ಈ ವರ್ಷಕ್ಕೆ ಅದರ ಭರವಸೆ ಇಟ್ಟುಕೊಳ್ಳಬೇಡ.

ಕುಸಿಯುವ ಮೊದಲು ಧರೆ ಸೂಚನೆ ಕೊಡುತ್ತದೆ. ನೆತ್ತಿಯಲ್ಲಿ ಉದ್ದಕ್ಕೆ ಬಿರುಕು, ನೆಟ್ಟಗಿದ್ದ ಮರ ಓರೆಯಾಗುವುದು, ತಿಳಿಯಾಗಿದ್ದ ಒರತೆ ಕೆಂಪಗೆ ಬರುವುದು ಅಥವಾ ಥಟ್ಟನೆ ನಿಲ್ಲುವುದು, ಸಲೀಸಾಗಿದ್ದ ಬಾಗಿಲು ಚೌಕಟ್ಟಿಗೆ ಬಿಗಿಯುವುದು. ಇವುಗಳಲ್ಲಿ ಒಂದು ಕಂಡರೂ ಸಾಕು, ಮಕ್ಕಳನ್ನು ಕರೆದುಕೊಂಡು ಮೇಲಿನ ಮನೆಗೆ ಹೋಗು. ಹಗಲಾಗಲಿ ನೋಡೋಣ ಅನ್ನಬೇಡ, ಮಾರಾಯ್ತಿ.

ಮಾಡಿನ ಕೆಲಸ ಸುಲಭ, ಆದರೆ ತಾಳ್ಮೆ ಬೇಕು. ಹಗಲಲ್ಲಿ ಅಟ್ಟ ಹತ್ತಿ ದೀಪ ಆರಿಸಿ ಹತ್ತು ನಿಮಿಷ ಕೂರು. ಕಣ್ಣು ಹೊಂದಿಕೊಂಡ ಮೇಲೆ ಬೆಳಕಿನ ಚುಕ್ಕೆಗಳು ಕಾಣುತ್ತವೆ, ಅಲ್ಲೆಲ್ಲ ಸೀಮೆಸುಣ್ಣದಿಂದ ರೀಪಿನ ಮೇಲೆ ಗುರುತು ಹಾಕು. ಕೆಳಗೆ ಹನಿ ಬಿದ್ದ ಜಾಗದ ನೇರಕ್ಕೆ ಹಂಚು ಒಡೆದಿರುತ್ತದೆ ಅಂದುಕೊಳ್ಳಬೇಡ. ನೀರು ಪಕಾಸಿನ (ಹಂಚು ಹೊರುವ ಇಳಿಜಾರು ಮರದ) ಅಡಿಮೈ ಹಿಡಿದು ನಾಲ್ಕಾರು ಅಡಿ ಇಳಿದು, ಎಲ್ಲಿ ಗಂಟು ಸಿಗುತ್ತದೋ ಅಲ್ಲಿ ತೊಟ್ಟಿಕ್ಕುತ್ತದೆ. ಹಂಚು ಇಳಿಸಿ ಬೆರಳ ಗೆಣ್ಣಿನಿಂದ ಬಡಿ. ಖಣ್ಣೆಂದರೆ ಸರಿ, ಬದ್ದೆಂದರೆ ಕಣ್ಣಿಗೆ ಕಾಣದ ಸೀಳಿದೆ. ಅರ್ಧ ಸೋರಿಕೆಗೆ ಒಡಕೂ ಕಾರಣವಲ್ಲ: ಎರಡು ಹಂಚು ಕೂಡುವ ಪಕ್ಕದ ಗಾಡಿಯಲ್ಲಿ, ಅಂದರೆ ಸಣ್ಣ ತೋಡಿನಲ್ಲಿ, ಪಾಚಿ, ಎಲೆಚೂರು ತುಂಬಿ ನೀರು ಅಡ್ಡಕ್ಕೆ ಹರಿಯುತ್ತದೆ. ಗಟ್ಟಿ ಕುಂಚದಿಂದ ಉಜ್ಜಿದರೆ ಆಯಿತು. ಉಳಿದದ್ದು ಮಂಗಗಳ ಕೆಲಸ, ಹಾರಿ ಹಾರಿ ಹಂಚು ಸರಿಸುತ್ತವೆ.

ಬದಲಿ ಹಂಚು ತರಿಸುವ ಮೊದಲು ಹಳೆಯದರ ಬೆನ್ನಿನ ಅಚ್ಚು ನೋಡು. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಗಾಡಿಗೆ ಕೂರುವುದಿಲ್ಲ, ಕಾಲಿಂಚು ವ್ಯತ್ಯಾಸ ಸಾಕು ಆ ಸಾಲೆಲ್ಲ ಸೋರಲು. ಚದರಕ್ಕೆ ಸುಮಾರು 150 ಹಂಚು ಹಿಡಿಸುತ್ತದೆ. ನಿನಗೆ 60 ತರಿಸಿಟ್ಟರೆ ಸಾಕು, ಹಳೇ ಮನೆ ಕೆಡವಿದವರ ಹತ್ತಿರ ಅದೇ ಅಚ್ಚಿನದು ಸಿಗುತ್ತದೆ. ಡಾಂಬರು, ಎಂ-ಸೀಲ್ ಮೆತ್ತುವುದು ಒಂದು ಮಳೆಗಾಲದ ಸಮಾಧಾನ, ಬಿಸಿಲಿಗೆ ಬಿರಿದು ಬರುವ ವರ್ಷ ಅದೇ ಸೀಳು ಅಗಲವಾಗಿರುತ್ತದೆ. ಮಳೆ ನಡುವೆ ತುರ್ತಿಗೆ ಒಳಗಿನಿಂದಲೇ ಹಂಚು ಎತ್ತಿ ಅಡಿಕೆ ಹಾಳೆಯ ತುಂಡೊಂದನ್ನು ಮೇಲಿನ ಹಂಚಿನ ಅಡಿಗೆ ಸಿಗಿಸಿ ಬಿಡು. ನೀನಾಗಲಿ ಅಳಿಯಂದಿರಾಗಲಿ ಒದ್ದೆ ಮಾಡು ಹತ್ತಕೂಡದು. ಒಣಗಿದ್ದಾಗ ಹತ್ತುವವರೂ ಏಣಿ ಮಲಗಿಸಿ ಅದರ ಮೇಲೆ ಕಾಲಿಡಬೇಕು. ಪಡುವಣ ಗೋಡೆಗೆ ಎರಚಲು ಹೊಡೆಯುತ್ತದೆ. ಸೋಗೆ ಜಡಿ (ತಟ್ಟಿ) ಕಟ್ಟುವವರು ಸಿಕ್ಕರೆ ಅದೇ ಉತ್ತಮ, ಇಲ್ಲವಾದರೆ ಟಾರ್ಪಲ್. ಟಾರ್ಪಲ್ಲನ್ನು ಗೋಡೆಗೆ ಅಂಟಿಸಬೇಡ, ಒಂದು ಅಡಿ ಬಿಟ್ಟು ಕಟ್ಟು, ಇಲ್ಲದಿದ್ದರೆ ಮಣ್ಣಿನ ಗೋಡೆ ಒಳಗೊಳಗೇ ಬೂಸಲು ಹಿಡಿಯುತ್ತದೆ.

ಸೌದೆಗೆ ದಿನಕ್ಕೆ 10 ಕಿಲೋ ಹಿಡಿದರೂ 120 ದಿನಕ್ಕೆ 1,200 ಕಿಲೋ. ನೆಲದಿಂದ ಗೇಣು ಎತ್ತರದಲ್ಲಿ ಅಡ್ಡಮರ ಹಾಕಿ ಪೇರಿಸು. ಗ್ಯಾಸ್ ಇದೆಯಲ್ಲ ಅನ್ನಬೇಡ, ದಾರಿ ಕಟ್ಟಿದರೆ ಸಿಲಿಂಡರ್ ಗಾಡಿ ಬರುವುದಿಲ್ಲ. ನೀನು ನೆನೆಸಿಕೊಂಡ ಆ ಕೆಂಡದ ಮೇಲಿನ ಬಟ್ಟೆ ಬಚ್ಚಲಲ್ಲಿ, ಹೊಗೆ ಹೋಗಲು ಕಿಂಡಿ ಇದ್ದಲ್ಲಿ ಒಣಗುತ್ತಿತ್ತು. ಬಾಗಿಲು ಹಾಕಿದ ಮಲಗುವ ಕೋಣೆಗೆ ಕೆಂಡದ ಬಾಣಲೆ ತರಬೇಡ. ಅದರ ವಿಷಗಾಳಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ಅಡುಗೆಯ ವಿಷಯ ನಿನ್ನ ದೊಡ್ಡಮ್ಮ ಬೇರೆ ಬರೆಯುತ್ತಾಳೆ, ಹಪ್ಪಳ, ಉಪ್ಪುಸೊಳೆ ಎಲ್ಲ ಅವಳದ್ದು. ಕಳಲೆಯ (ಬಿದಿರಿನ ಎಳೆ ಮೊಳಕೆಯ) ಒಂದು ಮಾತು ಮಾತ್ರ: ತೆಳ್ಳಗೆ ಹೆಚ್ಚಿ ಮೂರು ದಿನ ನೆನೆಹಾಕಬೇಕು, ದಿನಾ ನೀರು ಬದಲಿಸಬೇಕು, ಆಮೇಲೆ ಬೇಯಿಸಿದ ನೀರನ್ನೂ ಚೆಲ್ಲಬೇಕು. ಹಸಿ ಕಳಲೆಯಲ್ಲಿ ವಿಷದಂಶವಿದೆ, ನೆನೆಸಿದ ನೀರನ್ನು ದನದ ಕಲಗಚ್ಚಿಗೂ ಹಾಕಬೇಡ. ಮಕ್ಕಳು ಹತ್ತುಮೀನಿಗೆ, ಅಂದರೆ ಹೊಸ ನೀರಿಗೆ ಹತ್ತಿ ಬರುವ ಮೀನು ಹಿಡಿಯಲು, ಹೋಗುತ್ತೇವೆ ಅಂದರೆ ಗದ್ದೆಯ ಹಾಳಿ (ಬದು) ಮೇಲೆ, ದೊಡ್ಡವರ ಜೊತೆ ಹೋಗಲಿ. ರಾತ್ರಿ ಹಳ್ಳಕ್ಕೆ ಇಳಿಯುವುದು ಬೇಡ. ರಕ್ತ ಹೀರುವ ಉಂಬಳಕ್ಕೆ ಹೆದರಬೇಕಿಲ್ಲ, ಉಪ್ಪು ಮುಟ್ಟಿಸಿದರೆ ಬಿಡುತ್ತದೆ.

ನೀರು ಏರುವುದನ್ನು ಅಳೆಯಲು ತೋಟದ ಅಂಚಿನ ಮೂರು ಅಡಿಕೆ ಮರಕ್ಕೆ ಅಡಿಗೊಂದರಂತೆ ಬಿಳಿ ಬಣ್ಣದ ಪಟ್ಟಿ ಹೊಡೆಸು, ಇನ್ನೊಂದು ಗುರುತು ಮೋರಿಯ ಗೋಡೆಗೆ. ಗಂಟೆಗೊಮ್ಮೆ ಟಾರ್ಚ್ ಬಿಟ್ಟು ನೋಡಿ ಬರೆದಿಡು. ಗಂಟೆಗೆ ಅರ್ಧ ಅಡಿ ಏರುತ್ತಿದ್ದು ಹೊಸಿಲಿಗೆ ಮೂರು ಅಡಿ ಉಳಿದಿದ್ದರೆ ಲೆಕ್ಕಕ್ಕೆ ಆರು ಗಂಟೆ. ನೀನು ಮೂರೇ ಅಂತ ಇಟ್ಟುಕೋ. ದನಗಳನ್ನು ಮೊದಲು ಬಿಚ್ಚು, ಕಟ್ಟಿ ಹಾಕಿದ ದನ ನಿಂತಲ್ಲೇ ಮುಳುಗುತ್ತದೆ. ಪಹಣಿ, ಆಧಾರ್, ಪಾಸ್‌ಬುಕ್, ಮಾತ್ರೆಗಳು ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಈಗಿನಿಂದಲೇ ಇರಲಿ. ನೀರು ಅಂಗಳದಲ್ಲಿರುವಾಗಲೇ ಮೇನ್ ಸ್ವಿಚ್ ಇಳಿಸು. ಒಳಗೆ ಬಂದ ಮೇಲೆ ಒದ್ದೆಗಾಲಲ್ಲಿ ಬೋರ್ಡ್ ಮುಟ್ಟಬಾರದು. ಇನ್ವರ್ಟರ್ ಬ್ಯಾಟರಿಯನ್ನೂ ಬಿಡಿಸು, ಮೇನ್ ಇಳಿಸಿದರೂ ಅದು ಕರೆಂಟ್ ಕೊಡುತ್ತಲೇ ಇರುತ್ತದೆ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ ಕಂಬಕ್ಕೆ ಕಟ್ಟು. ತುಂಬಿದ ಸಿಲಿಂಡರೂ ತೇಲುತ್ತದೆ, ತೇಲಿ ಹೋಗಿ ಗೋಡೆಗೆ ಬಡಿಯುತ್ತದೆ. ನೆಲದಡಿಯ ತೊಟ್ಟಿಯನ್ನು ಮಾತ್ರ ತುಂಬಿಸಿಯೇ ಇಡು, ಖಾಲಿ ತೊಟ್ಟಿಯನ್ನು ಸುತ್ತಲಿನ ನೀರು ಮೇಲಕ್ಕೆ ಎತ್ತಿ ಸೀಳುತ್ತದೆ.

ಹೊಸಿಲಿಗೆ ಇಡಲು 40 ಗೊಬ್ಬರದ ಚೀಲದಲ್ಲಿ ಮರಳು ತುಂಬಿಸಿಟ್ಟುಕೋ, ಅರ್ಧದಿಂದ ಮುಕ್ಕಾಲು ಮಾತ್ರ. ಗಿಡಿದು ತುಂಬಿದ ಚೀಲ ಒಂದಕ್ಕೊಂದು ಅಪ್ಪುವುದಿಲ್ಲ, ಸಂದಿನಲ್ಲಿ ನೀರು ಬರುತ್ತದೆ. ಇಟ್ಟಿಗೆಯಂತೆ ಸಂದು ತಪ್ಪಿಸಿ ಪೇರಿಸಿ ನೀರಿನ ಬದಿಗೆ ಟಾರ್ಪಲ್ ಹೊದೆಸು. ಶೌಚಾಲಯದ ಬೇಸಿನ್ ಗುಂಡಿಗೂ ಒಂದು ಚೀಲ ಹೇರು, ಎಲ್ಲ ಬಾಗಿಲು ಕಾದರೂ ಹೊಲಸು ನೀರು ಅಲ್ಲಿಂದ ಉಕ್ಕುತ್ತದೆ. ದಾರಿಯ ಮೇಲೆ ಮೊಣಕಾಲು ಮಟ್ಟದ ನೀರು ಹರಿಯುತ್ತಿದ್ದರೆ ನಡೆದೂ ದಾಟಬೇಡ, ಬೈಕಿನಲ್ಲೂ ಬೇಡ. ಸಹಾಯಕ್ಕೆ 112, ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ತಂತಿ ಹರಿದು ಬಿದ್ದಿದ್ದರೆ ಮೆಸ್ಕಾಂಗೆ 1912.

ನೀರು ಇಳಿದ ಮೇಲೆ ಆತುರ ಬೇಡ. ಮಣ್ಣಿನ ಗೋಡೆ ನೀರು ನಿಂತಾಗ ನಿಂತಿರುತ್ತದೆ, ಆಚೀಚಿನ ನೀರಿನ ಆಸರೆ ಹೋದ ಮೇಲೆ ಕೂರುತ್ತದೆ. ಬುಡ ಒಣಗುವವರೆಗೆ ಅದರ ಪಕ್ಕ ಹಾಸಿಗೆ ಹಾಸಬೇಡ. ಗುಡಿಸುವ ಮೊದಲು ಎಲ್ಲ ಕೋಣೆಯ ಫೋಟೋ ತೆಗೆ, ಗೋಡೆಯ ಮೇಲಿನ ನೀರಿನ ಗೆರೆ ಕಾಣಬೇಕು. ಗ್ರಾಮ ಆಡಳಿತಾಧಿಕಾರಿ ಬಂದು ಮಹಜರು ಬರೆಯುವಾಗ ಅದೇ ಸಾಕ್ಷಿ. ರೇವೆಯನ್ನು ಹಸಿಯಿರುವಾಗಲೇ ಎಳೆಸು, ಒಣಗಿದರೆ ಗುದ್ದಲಿಗೂ ಬರುವುದಿಲ್ಲ. ಕೈಗೆ ಗವಸು, ಕಾಲಿಗೆ ಗಂಬೂಟು. ಸೌದೆ ರಾಶಿ, ಅಟ್ಟ, ಗೊಬ್ಬರದ ಚೀಲಗಳ ಸಂದಿಗೆ ಕೋಲು ಹಾಕದೆ ಕೈ ಹಾಕಬೇಡ, ಹಾವುಗಳೂ ಒಣ ಜಾಗ ಹುಡುಕಿ ಹತ್ತಿರುತ್ತವೆ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಏನೂ ಬೇಡ, ಅಲುಗಾಡಿಸದೆ ತಾಲ್ಲೂಕು ಆಸ್ಪತ್ರೆಗೆ. ಕಾಲಿನಲ್ಲಿ ಗಾಯವಿದ್ದವರು ಕೆಸರಿಗೆ ಇಳಿಯಕೂಡದು. ವಾರ ಎರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿಜ್ವರವಿರಬಹುದು. ಕೆಸರಲ್ಲಿ ಕೆಲಸ ಮಾಡಿದ್ದೆವು ಅಂತ ಡಾಕ್ಟರಿಗೆ ಹೇಳಬೇಕು, ಹೇಳದಿದ್ದರೆ ಸಾಮಾನ್ಯ ಜ್ವರದ ಮಾತ್ರೆ ಕೊಟ್ಟು ಕಳಿಸುತ್ತಾರೆ.

ಬಾವಿಯ ಲೆಕ್ಕ ಸರಿಯಾಗಿ ಮಾಡು. ಮೀಟರಿನಲ್ಲಿ ಅಡ್ಡಳತೆಯನ್ನು ಅಡ್ಡಳತೆಯಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಬರುತ್ತದೆ. ನಿನ್ನ ಬಾವಿ ಎರಡು ಮೀಟರ್ ಅಗಲ, ನೀರು ಐದು ಮೀಟರ್ ಇದ್ದರೆ 15,700 ಲೀಟರ್. ಮಾಮೂಲಿ ದಿನಗಳಲ್ಲಿ 1,000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪುಡಿ, ಅಂದರೆ 40 ಗ್ರಾಂ ಸಾಕು. ನೆರೆ ನೀರು ಹೊಕ್ಕ ಬಾವಿಗೆ ಅದು ಏನೂ ಸಾಲದು: 1,000 ಲೀಟರಿಗೆ 60 ಗ್ರಾಂ, ಒಟ್ಟು ಹತ್ತಿರ ಹತ್ತಿರ ಒಂದು ಕಿಲೋ. ಪುಡಿಯನ್ನು ನೇರ ಸುರಿಯಬೇಡ. ಬಕೆಟ್ಟಿಗೆ 100 ಗ್ರಾಂ ಹಾಕಿ, ಮೊದಲು ಸ್ವಲ್ಪ ನೀರಲ್ಲಿ ಗೊಜ್ಜಿನ ಹದಕ್ಕೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ ಹತ್ತು ನಿಮಿಷ ಬಿಡು. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಕೊಡಕ್ಕೆ ಬಗ್ಗಿಸಿ, ಹಗ್ಗ ಕಟ್ಟಿ ನೀರಿನಡಿಗೆ ಇಳಿಸಿ ಮೇಲೆ ಕೆಳಗೆ ಚೆನ್ನಾಗಿ ಕುಲುಕು. ತಳದ ಸುಣ್ಣ ಬಾವಿಗೆ ಬಿದ್ದರೆ ನೀರು ಗಡಸಾಗುತ್ತದೆ. ರಾತ್ರಿಯೆಲ್ಲ ಬಿಟ್ಟು, ಮಾರನೇ ದಿನ ವಾಸನೆ ಹೋಗುವವರೆಗೆ ಪಂಪ್ ಹೊಡೆಸು, ಆದರೆ ಒಂದೇ ಸಲಕ್ಕೆ ತಳ ಕಾಣಿಸಬೇಡ. ಸುತ್ತಲಿನ ಮಣ್ಣು ನೀರು ಕುಡಿದಿರುವಾಗ ಬಾವಿ ಖಾಲಿ ಮಾಡಿದರೆ ಕಟ್ಟಿದ ಕಲ್ಲು ಒಳಕ್ಕೆ ಬೀಳುತ್ತದೆ. ಮೂರು ನಾಲ್ಕು ದಿನಕ್ಕೆ ಹಂಚಿ ತೆಗೆಸು. ಅಲ್ಲಿಯವರೆಗೆ, ಆಮೇಲೂ ಒಂದು ತಿಂಗಳು, ಕುದಿಸಿ ಆರಿಸಿದ ನೀರನ್ನೇ ಮಕ್ಕಳಿಗೆ ಕೊಡು.

ಪಂಪ್‌ಸೆಟ್ ಸ್ಟಾರ್ಟರ್ ಈಗ ಹೊಳೆಯಂಚಿನ ಗೂಡಿನಲ್ಲಿದೆ, ಅದನ್ನು ಬಿಚ್ಚಿ ಮನೆಗೆ ತಂದಿಡಲು ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ. ಹಂಚಿನ ಕೆಲಸದವರು ಮುಂದಿನ ಸೋಮವಾರ ಬರುತ್ತೇವೆ ಅಂದಿದ್ದಾರೆ, ಮುಂಗಡ ಕೊಡಬೇಡ, ಕೊಟ್ಟರೆ ಬರುವುದಿಲ್ಲ. ಏಣಿ ಮೇಲಿನ ಮನೆಯಲ್ಲಿದೆ, ಕೇಳಿ ತರಿಸಿಕೋ.

ಇತಿ ನಿನ್ನ
ದೊಡ್ಡಪ್ಪ